ಬೆಖಿಫಾನ ಹೊಲಕ್ಕೆ ಬಂದ ಮೀನು

ನನ್ನ ಅತ್ತಿಗೆ ಫಿಕೆಲೆಫಿ ಹೊಳೆಯನ್ನು ಕಂಡದ್ದೇ ಮದುವೆಯಾಗಿ ಬಂದ ಮೇಲೆ. ಅವಳ ತವರು ಮೂಡಣ ದಿಕ್ಕಿನ ಮರಳುಸೀಮೆ. ಅಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಮಿನುಗುವ ಒಂದು ಬಿಲ್ಲೆ. ಸೋರೆಬುರುಡೆಯಲ್ಲಿ ಮೊಗೆದು ಮೊಗೆದು ಕೊಡ ತುಂಬುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಅಂಥವಳು ಫೋಂಗೊಲೊ ಹೊಳೆಯ ದಂಡೆಯಲ್ಲಿರುವ ನಮ್ಮ ಮನೆಗೆ, ನನ್ನ ದೊಡ್ಡಣ್ಣ ಬೆಖಿಫಾ ಮಾಥೆಂಜ್ವಾನ ಹೆಂಡತಿಯಾಗಿ ಬಂದಳು. ಸೊಸೆಯನ್ನು ತವರಿನ ಕುಲದ ಹೆಸರಿನಿಂದ ಕರೆಯುವುದು ನಮ್ಮ ರೂಢಿ, ಹಾಗಾಗಿ ಊರಿಗೆಲ್ಲ ಅವಳು ಮಾಗುಮೆಡೆ. ಅವಳೂ ಗಂಡನ ಹೆಸರು ಬಾಯಲ್ಲಿ ಆಡುತ್ತಿರಲಿಲ್ಲ, ಮಾಥೆಂಜ್ವಾ ಎಂದು ಕುಲದ ಹೆಸರನ್ನೇ ಹಿಡಿದು ಕರೆಯುತ್ತಿದ್ದಳು.

ಬುಂಬೇನಿ ಕೆರೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಅದು ಯಾರೂ ಕಟ್ಟಿದ ಕೆರೆಯಲ್ಲ, ಹೊಳೆಯ ಪಕ್ಕದ ದೊಡ್ಡ ತಗ್ಗು. ಒಂದು ತೋಡು ಅದನ್ನು ಹೊಳೆಗೆ ಜೋಡಿಸುತ್ತದೆ. ಹೊಳೆ ಉಕ್ಕಿದಾಗ ನೀರು ತೋಡಿನಲ್ಲಿ ಒಳಮುಖವಾಗಿ ಹರಿದು ಕೆರೆ ತುಂಬುತ್ತದೆ, ಕೆರೆ ತುಂಬಿ ಸುತ್ತಲಿನ ಹುಲ್ಲುಗಾವಲಿಗೆ ಹರಡುತ್ತದೆ.

ಅತ್ತಿಗೆ ಬಂದ ಮೊದಲ ಮಳೆಗಾಲದಲ್ಲಿ ನಾನು ಹಾಲುಹಲ್ಲು ಬಿದ್ದ ಹುಡುಗಿ. ಒಂದು ಬೆಳಗ್ಗೆ ಅಮ್ಮ ಅಂಗಳಕ್ಕೆ ಬಂದು, "ಮಾಗುಮೆಡೆ, ಕೊಡ ಅಲ್ಲೇ ಇಡು. ಬಾ, ನಿಂಗೊಂದು ತೋರಿಸ್ತೀನಿ," ಎಂದು ಅವಳನ್ನು ಕರೆದುಕೊಂಡು ಹೊರಟಳು. ನಾನೂ ಬೆನ್ನು ಬಿದ್ದೆ. ಹಿಂದಿನ ಸಂಜೆ ನಮ್ಮ ದನಗಳು ಮೇಯ್ದಿದ್ದ ಜಾಗದಲ್ಲಿ ಮೊಣಕಾಲಿನವರೆಗೆ ನೀರು ನಿಂತಿತ್ತು. ಸದ್ದಿಲ್ಲ, ಅಲೆಯಿಲ್ಲ. ಹುಲ್ಲಿನ ತುದಿಗಳು ಮಾತ್ರ ಅಲ್ಲೊಂದು ಕಡೆ ಇಲ್ಲೊಂದು ಕಡೆ ನಡುಗುತ್ತಿದ್ದವು.

"ಗಾಳಿನೇ ಇಲ್ವಲ್ಲ ಅತ್ತೆ, ಹುಲ್ಲು ಯಾಕೆ ಅಲ್ಲಾಡ್ತೈತೆ?" ಎಂದಳು ಅತ್ತಿಗೆ.

"ಮೇಲೆ ನೋಡಬೇಡ ಕಣೆ, ಬುಡ ನೋಡು."

ಹುಲ್ಲಿನ ಬುಡದಲ್ಲಿ ಮೀಸೆಮೀನುಗಳು ತುಂಬಿಕೊಂಡಿದ್ದವು. ತೋಳುದ್ದದವು, ಇನ್ನೂ ದೊಡ್ಡವು, ಜೋಡಿ ಜೋಡಿಯಾಗಿ ಒಂದನ್ನೊಂದು ಸುತ್ತಿಕೊಂಡು ಹೊರಳುತ್ತಿದ್ದವು. ನೀರು ಕಡಿಮೆ ಇದ್ದ ಕಡೆ ಅವುಗಳ ಕರಿಯ ಬೆನ್ನು ಗಾಳಿಗೆ ಬಂದು ಹೊಳೆಯುತ್ತಿತ್ತು. ನಿನ್ನೆಯ ಸಗಣಿ ಇನ್ನೂ ಕರಗಿರಲಿಲ್ಲ, ಅದರ ಪಕ್ಕದಲ್ಲೇ ಮೀನು ಹಾದು ಹೋಗುತ್ತಿತ್ತು.

"ಮೊಟ್ಟೆ ಇಡಕ್ಕೆ ಬಂದವೆ," ಎಂದಳು ಅಮ್ಮ ಮೆಲ್ಲಗೆ. "ಹೊಳೆ ಒಳಗೇ ಇಟ್ರೆ ಕೊಚ್ಕೊಂಡು ಹೋಗ್ತವೆ. ಅದಕ್ಕೇ ಹುಲ್ಲು ಹುಡುಕ್ಕೊಂಡು ಬರೋದು. ಇವತ್ತು ಇವನ್ನ ಯಾರೂ ಮುಟ್ಟಂಗಿಲ್ಲ. ಹೆರಿಗೆ ಮನೆಗೆ ಯಾರಾದ್ರೂ ಈಟಿ ಹಿಡ್ಕೊಂಡು ಹೋಗ್ತಾರಾ?"

ಅಮ್ಮ ತಿರುಗಿ ಮನೆಗೆ ಹೋದಳು. ಅತ್ತಿಗೆ ಹೋಗಲಿಲ್ಲ. ನೀರಿನಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬಿಸಿಲೇರಿದರೂ ಕದಲಲಿಲ್ಲ. ನನಗೆ ಹಸಿವಾಗಿ ಸೆರಗು ಜಗ್ಗಿದರೆ, "ಶ್, ತಡಿಯೆ," ಎಂದಳು. ಸಂಜೆ ಊಟಕ್ಕೆ ಕೂತಾಗ ಅವಳು ಹೇಳಿದ್ದು ಇಷ್ಟೇ: "ನಮ್ಮೂರಲ್ಲಿ ಇದನ್ನ ಹೇಳಿದ್ರೆ ಒಬ್ರೂ ನಂಬಲ್ಲ. ಸುಳ್ಳಿ ಅಂತಾರೆ."

ಅಲ್ಲಿಂದ ಮುಂದೆ ಅವಳು ಹೊಳೆಯವಳೇ ಆಗಿಹೋದಳು. ಚಳಿಗಾಲದಲ್ಲಿ ಕೆರೆ ಇಳಿದಾಗ ಊರಿಗೆ ಊರೇ ಸಾಲಾಗಿ ನೀರಿಗಿಳಿದು ಮೀನು ಹಿಡಿಯುವುದಕ್ಕೆ ನಾವು ಫೋನ್ಯಾ ಎನ್ನುತ್ತೇವೆ. ಕೈಯಲ್ಲಿ ತಳವಿಲ್ಲದ ಬುಟ್ಟಿ. ಅದನ್ನು ನೀರಿಗೆ ಕುಕ್ಕುತ್ತ ಹೋಗುವುದು, ಒಳಗೆ ಏನಾದರೂ ಬಡಿದರೆ ಮೇಲಿನ ತೂತಿನಿಂದ ಕೈ ಹಾಕಿ ಹಿಡಿಯುವುದು. ಮೊಸಳೆಗಳು ಈ ಗದ್ದಲಕ್ಕೆ ಹೆದರಿ ಆಚೆ ದಡ ಸೇರುತ್ತವೆ. ಈಜು ಬಾರದ ಮರಳುಸೀಮೆಯ ಹೆಣ್ಣು ಒಂದೆರಡು ವರ್ಷಗಳಲ್ಲಿ ಸಾಲಿನ ನಡುವೆ, ನೀರು ಎದೆಮಟ್ಟ ಬರುವ ಕಡೆ ನಿಲ್ಲುವಷ್ಟು ಗಟ್ಟಿಯಾದಳು. ಹಾಡು ಎತ್ತಿಕೊಡುವವಳೂ ಅವಳೇ.

ನನಗೆ ಮದುವೆಯ ವಯಸ್ಸು ಬರುವಷ್ಟರಲ್ಲಿ ಮೇಲಿನ ಬೆಟ್ಟದ ಕಣಿವೆಯಲ್ಲಿ ಅಣೆಕಟ್ಟು ಎದ್ದು ನಿಂತಿತ್ತು. ಹೊಳೆ ತೆಳ್ಳಗಾಯಿತು, ಮಳೆಗಾಲದಲ್ಲೂ ತಳದ ಕಲ್ಲು ಕಾಣುವಷ್ಟು ತಿಳಿಯಾಯಿತು. ಬೆಖಿಫಾ ಅಣ್ಣನಿಗಂತೂ ಖುಷಿಯೋ ಖುಷಿ. ನೆರೆಗೆ ಹೆದರಿ ಹಿರಿಯರು ಬೀಳು ಬಿಟ್ಟಿದ್ದ ಕೆರೆಯಂಚಿನ ಕಪ್ಪುನೆಲವನ್ನು ಹಸನು ಮಾಡಿ ಮೆಕ್ಕೆಜೋಳ, ಕುಂಬಳ ಹಾಕಿದ. ಬೆಳೆ ಆಳೆತ್ತರ ಬಂತು. ಅವನನ್ನು ನೋಡಿ ಊರಿನ ಗಂಡಸರೆಲ್ಲ ಕೆರೆಯ ಸುತ್ತ ಹೊಲ ಮಾಡಿದರು, ಕೆಲವರು ಹತ್ತಿಯನ್ನೂ ಹಾಕಿದರು.

"ನೋಡು ಮಾಗುಮೆಡೆ, ಹೊಳೆಗೂ ಮೂಗುದಾರ ಹಾಕಿದ್ರು. ಇನ್ಮೇಲೆ ಹೆದರಿಕೆ ಇಲ್ದೆ ಉಣ್ಣಬಹುದು," ಎನ್ನುತ್ತಿದ್ದ ಅಣ್ಣ.

ಅವನು ತಪ್ಪು ಹೇಳಿದನೆಂದು ನಾನು ಹೇಗೆ ಹೇಳಲಿ? ಆ ಹೊಲದ ಜೋಳವನ್ನು ತಿಂದೇ ಅವನ ಮಕ್ಕಳು ಬೆಳೆದರು. ಗಂಡ ತೀರಿಕೊಂಡು ತವರಿಗೆ ಮರಳಿ ಬಂದ ನಾನೂ ಅದನ್ನೇ ತಿಂದೆ.

ಆದರೆ ಕೆರೆ ಬಡವಾಗುತ್ತ ಹೋಯಿತು. ಫೋನ್ಯಾದ ದಿನ ಬುಟ್ಟಿಗೆ ಕೈ ಹಾಕಿದರೆ ಕೆಸರು, ಕೊಳೆತ ಎಲೆ, ಬೆರಳುದ್ದದ ಒಂದೆರಡು ಮೀನು. ಹೆಂಗಸರು ನಗುವುದನ್ನು ಬಿಡಲಿಲ್ಲ. "ಏ ಮಾಗುಮೆಡೆ, ಕಪ್ಪೆ ಬಿದ್ರೆ ಒಬ್ಳೇ ತಿನ್ಬೇಡ, ನಂಗೂ ಒಂದು ಕಾಲು ಕೊಡು!" ಎಂದು ಯಾರೋ ಕೂಗುವರು. ಅವಳೂ ನಕ್ಕು, "ಕಾಲು ನಿಂಗೆ, ಕೂಗು ನಂಗೆ!" ಎನ್ನುವಳು. ದಾರಿಯಲ್ಲಿ ಬರುವಾಗ ಮಾತ್ರ ಖಾಲಿ ಬುಟ್ಟಿಯನ್ನೇ ನೋಡುತ್ತ ನಡೆಯುವಳು.

"ಇರೋ ಮೀನೆಲ್ಲ ಮುದಿಯಾದವು ಲಿಂಡೀವೆ," ಎಂದಳು ಒಮ್ಮೆ ನನ್ನೊಡನೆ. "ಹೊಸವು ಹುಟ್ಟುತಾನೇ ಇಲ್ಲ. ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡು ತೋಡಿನ ಬಾಯಿಗೆ ಬಂದು ಕಾಯ್ತವೆ. ನೀರು ಏರಲ್ಲ. ವಾಪಸ್ ಹೋಗ್ತವೆ. ನಾನೇ ಕಂಡಿದೀನಿ."

ಇಂಥ ದೂರು ಕೆಳಗಿನ ಊರುಗಳಿಂದಲೂ ಹೋಗಿರಬೇಕು. ಕೊನೆಗೆ ಪ್ರತಿ ಕೆರೆಗೂ ಒಂದು ನೀರಿನ ಸಮಿತಿ ಆಗಲಿ, ನೀರು ಯಾವಾಗ ಬೇಕೆಂದು ಊರವರೇ ಹೇಳಲಿ ಎಂದಾಯಿತು. ನಮ್ಮ ಸಭೆ ಕೆರೆಯ ದಡದ ಅತ್ತಿಮರದ ಕೆಳಗೆ. ಅಣೆಕಟ್ಟಿನ ಕಡೆಯಿಂದ ಬಂದವನು ಲೌರೆನ್ಸ್ ಎಂಬ ಬಿಳಿಯ. ಈ ಸೀಮೆಯ ದನಗಾಹಿಗಳ ನಡುವೆ ಬೆಳೆದವನಾದ್ದರಿಂದ ನಮ್ಮ ಮಾತನ್ನು ನಮ್ಮ ಹಾಗೆಯೇ ಆಡುತ್ತಿದ್ದ.

"ಗೇಟು ಎತ್ತೋದು, ಇಳಿಸೋದು ನನ್ನ ಕೆಲಸ," ಎಂದ ಅವನು. "ಯಾವಾಗ, ಎಷ್ಟು ಅನ್ನೋದನ್ನ ನೀವು ಒಪ್ಕೊಂಡು ಒಂದೇ ಮಾತು ಹೇಳಿ. ಒಬ್ಬೊಬ್ರು ಒಂದೊಂದು ಹೇಳಿದ್ರೆ ನಾನು ಗೇಟಿಗೆ ಏನಂತ ಹೇಳ್ಲಿ?"

ಅತ್ತಿಗೆ ಹೆಂಗಸರ ಸಾಲಿನಿಂದ ಎದ್ದು ನಿಂತಳು. ತಲೆಯ ವಸ್ತ್ರವನ್ನು ಸರಿಮಾಡಿಕೊಂಡಳು. "ಮೊದಲ ಮಳೆ ಬಿದ್ದ ಮೇಲೆ ನೀರು ಬರಬೇಕು. ಬಂದದ್ದು ಒಂದಷ್ಟು ದಿನ ನಿಲ್ಲಬೇಕು. ಹೋಗೋವಾಗ ಮೆಲ್ಲಗೆ ಹೋಗಬೇಕು. ಮೊದಲು ಹಂಗೇ ಇತ್ತು."

ಗಂಡಸರ ಕಡೆಯಿಂದ ಎದ್ದವನು ನನ್ನ ಅಣ್ಣನೇ. "ಆಗ ನಮ್ಮ ಹೊಲ ಅಲ್ಲಿರಲಿಲ್ಲ. ಈಗ ಮೊಳಕೆ ಬಂದಿರೋ ಹೊತ್ತಿಗೆ ನೀರು ನಿಲ್ಲಿಸಿದ್ರೆ ನಾವು ಉಣ್ಣೋದೇನು? ಮೀನು ಬಂದು ಕಳೆ ಕೀಳ್ತಾವಾ?"

ಗಂಡಸರೆಲ್ಲ ಗೊಳ್ಳೆಂದರು. ಅತ್ತಿಗೆ ಗಂಡನ ಎದುರು ಸಭೆಯಲ್ಲಿ ದನಿ ಎತ್ತುವವಳಲ್ಲ. ಕೂತಳು. ಬಹಳ ಹೊತ್ತು ಎಳೆದಾಡಿ ಒಂದು ರಾಜಿಯಾಯಿತು: ನೀರು ಬರಲಿ, ಆದರೆ ಬಂದ ಹಾಗೆಯೇ ಬೇಗ ಹೋಗಲಿ. ಕೆರೆ ತುಂಬಿದ ಕೂಡಲೇ ಗೇಟು ಮುಚ್ಚಬೇಕು. ಲೌರೆನ್ಸ್ ಎರಡು ಸಲ ಕೇಳಿದ, "ಕೂಡಲೇನಾ? ಎಲ್ಲರಿಗೂ ಒಪ್ಪಿಗೆನಾ?" ಎಲ್ಲರೂ ಹೌದೆಂದರು.

ಹೇಳಿದಂತೆ ನೀರು ಬಂತು. ಎಷ್ಟೋ ವರ್ಷಗಳ ಮೇಲೆ ತೋಡು ಒಳಮುಖವಾಗಿ ಹರಿಯಿತು. ಮುದಿಯರು ದಡದಲ್ಲಿ ನಿಂತು ಕಣ್ಣೊರೆಸಿಕೊಂಡರು. ಮರುದಿನ ಬೆಳಕು ಹರಿಯುವಾಗ ಮೀಸೆಮೀನು ಹುಲ್ಲಿಗೆ ಬಂದಿದ್ದವು. ಹಿಂದಿನಷ್ಟಿಲ್ಲ. ಆದರೂ ಹುಲ್ಲು ನಡುಗುವುದನ್ನು ನೋಡಿ ನಾನೂ ಅತ್ತಿಗೆಯೂ ಹುಡುಗಿಯರಂತೆ ಕೈ ಕೈ ಹಿಡಿದುಕೊಂಡೆವು.

ಆಮೇಲೆ ನೀರು ಇಳಿಯಿತು. ಇಳಿಯಿತು ಎನ್ನುವುದಕ್ಕಿಂತ, ಹಾಸಿದ ಚಾಪೆಯನ್ನು ಯಾರೋ ಸೆಳೆದುಕೊಂಡ ಹಾಗೆ ಹೋಯಿತು. ಸಂಜೆಯ ಹೊತ್ತಿಗೆ ಹುಲ್ಲುಗಾವಲೆಲ್ಲ ಕೆಸರು. ದೊಡ್ಡ ಮೀನುಗಳು ಕುಣಿಗಳಲ್ಲಿ ಸಿಕ್ಕಿ ಒದ್ದಾಡುತ್ತಿದ್ದವು. ಜನ ಗೋಣಿ ತಂದು ತುಂಬಿಕೊಂಡರು. ಮನೆಮನೆಯಲ್ಲೂ ಮೀನಿನ ಹೊಗೆ, ತಾಳೆಹೆಂಡ, ಹಾಡು. ನಾನೂ ತಿಂದೆ. ಅತ್ತಿಗೆ ತಿನ್ನಲಿಲ್ಲ.

ಮಾರನೆಯ ದಿನ ಅವಳ ಹಿಂದೆ ಹುಲ್ಲಿಗೆ ಹೋದೆ. ಒಂದೊಂದು ಗರಿಗೂ ರಾಗಿಕಾಳಿನಷ್ಟು ಸಣ್ಣ ಮೊಟ್ಟೆಗಳು ಅಂಟಿಕೊಂಡಿದ್ದವು. ಕಣ್ಣು ಹೋದಷ್ಟು ದೂರ ಎಲ್ಲ ಹುಲ್ಲಿನಲ್ಲೂ. ಬಿಸಿಲಿಗೆ ಬೆಳ್ಳಗಾಗಿ, ಮುಟ್ಟಿದರೆ ಹೊಟ್ಟಿನಂತೆ ಉದುರುತ್ತಿದ್ದವು. ಇರುವೆಗಳು ಸಾಲುಗಟ್ಟಿದ್ದವು. ನಾನು ಜೀವಮಾನದಲ್ಲಿ ಅಷ್ಟೊಂದು ಜೀವವನ್ನು ಒಂದೇ ಕಡೆ ನೋಡಿರಲಿಲ್ಲ, ಅಷ್ಟೊಂದು ಸಾವನ್ನೂ. ಅತ್ತಿಗೆ ಬಗ್ಗಿ ಬಗ್ಗಿ ಹುಡುಕಿದಳು. ದನದ ಗೊರಸು ಊರಿದ ಒಂದು ಕುಣಿಯಲ್ಲಿ ಬೊಗಸೆ ನೀರು ಉಳಿದಿತ್ತು. ಅದರಲ್ಲಿ ಅದ್ದಿಕೊಂಡಿದ್ದ ಗರಿಯ ಮೊಟ್ಟೆಗಳು ಇನ್ನೂ ಹಸಿಯಾಗಿದ್ದವು. ಆ ಗರಿಯನ್ನು ನೀರಿನ ಸಮೇತ ಬಟ್ಟಲಿಗೆ ಎತ್ತಿಕೊಂಡು ಮನೆಗೆ ನಡೆದಳು.

ಅಣ್ಣ ನೆರಳಲ್ಲಿ ಗುದ್ದಲಿಯ ಹಿಡಿ ಕೆತ್ತುತ್ತಿದ್ದ. ಅವಳು ಮಂಡಿಯೂರಿ ಬಟ್ಟಲನ್ನು ಅವನ ಮುಂದಿಟ್ಟಳು.

"ಏನಿದು?"

"ಇನ್ನೂ ಸಾಯದೇ ಇರೋವು, ಮಾಥೆಂಜ್ವಾ. ಮಿಕ್ಕಿದ್ದೆಲ್ಲ ಹುಲ್ಲಲ್ಲಿ ಒಣಗ್ತಾ ಅವೆ. ನೀವೇ ಹೋಗಿ ನೋಡಿ."

"ನಂಗೆ ಬೈಯಕ್ಕೆ ಇದನ್ನ ಹೊತ್ಕೊಂಡು ಬಂದೆಯಾ?"

"ಬೈಯಕ್ಕಲ್ಲ. ನೀವು ಒಂದು ಸಲವೂ ಇದನ್ನ ಕಣ್ಣಾರೆ ಕಂಡಿಲ್ಲ. ನೆರೆ ಬರ್ತಿದ್ದ ಮಳೆಗಾಲದಲ್ಲೆಲ್ಲ ನೀವು ಗಣಿಯಲ್ಲಿದ್ರಿ."

ಅದು ನಿಜ. ಮದುವೆಯ ಸಾಲ ತೀರಿಸಲೆಂದು ದುಡಿಯಲು ಹೋದವನು ಅಣೆಕಟ್ಟು ಏಳುವವರೆಗೂ ಮಳೆಗಾಲಗಳನ್ನು ದೂರದ ಗಣಿಯಲ್ಲೇ ಕಳೆದಿದ್ದ. ಹುಡುಗನಾಗಿದ್ದಾಗಲೂ ದನ ಕಾಯಲು ಗುಡ್ಡದ ಕಡೆಗೇ ಹೋಗುತ್ತಿದ್ದವನು. ಹೊಳೆಯಂಚಿನಲ್ಲಿ ಹುಟ್ಟಿದವನು ಇದನ್ನು ಕಂಡಿರಲಿಲ್ಲ ಎನ್ನುವುದು ನನಗೂ ಅವತ್ತೇ ಹೊಳೆದದ್ದು.

ಅಣ್ಣ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೆತ್ತನೆ ಮುಂದುವರಿಸಿದ. ಆದರೆ ಅದನ್ನು ಚೆಲ್ಲಲಿಲ್ಲ. ಮರುದಿನ ಬೆಳಗ್ಗೆ ನಾನು ಅಂಗಳ ಗುಡಿಸಲು ಹೋದಾಗ ಅವನು ಬಟ್ಟಲಿನ ಮೇಲೆ ಬಗ್ಗಿದ್ದ. "ಲಿಂಡೀವೆ, ಇಲ್ಲಿ ಬಾ," ಎಂದ. ಅವನ ದನಿ ಎಂದಿನಂತಿರಲಿಲ್ಲ. ಮೊಟ್ಟೆಗಳು ಒಡೆದಿದ್ದವು. ಕೂದಲೆಳೆಯಂಥ, ಗಾಜಿನಂಥ ಮರಿಗಳು ನೀರಿನಲ್ಲಿ ಸುಳಿಯುತ್ತಿದ್ದವು.

"ಇಷ್ಟು ಸಣ್ಣದು," ಎಂದ ಅಣ್ಣ. "ಇದಕ್ಕೆ ಕಣ್ಣು ಬೇರೆ ಐತೆ, ನೋಡು." ಸ್ವಲ್ಪ ಹೊತ್ತಿನ ಮೇಲೆ, "ಇದು ಆ ತೋಳುದ್ದದ ಮೀನಾಗ್ತೈತಾ?" ಎಂದು ಕೇಳಿದ. ಬೆಳೆದ ಗಂಡಸು, ಮಕ್ಕಳ ತಂದೆ. ಹೂಂ ಅಂದೆ. ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕುದಿಯುವ ಗಂಜಿ ಒಯ್ಯುವವನಂತೆ ಹೆಜ್ಜೆ ನೋಡಿಕೊಂಡು ಕೆರೆಗೆ ನಡೆದ. ಸುರಿದು ಬಂದು, ಅಂದು ಮಧ್ಯಾಹ್ನ ಒಬ್ಬನೇ ಆ ಒಣಗಿದ ಹುಲ್ಲಿನಲ್ಲಿ ಸುತ್ತಾಡಿದ.

ಮುಂದಿನ ವರ್ಷದ ಸಭೆಯಲ್ಲಿ ಲೌರೆನ್ಸ್ ಬಾಯಿ ತೆರೆಯುವ ಮುಂಚೆಯೇ ಅಣ್ಣ ಎದ್ದ.

"ನನ್ನ ಕೆಳಗಿನ ಹೊಲಕ್ಕೆ ಈ ಸಲ ನೀರು ಹೋಗೋವರೆಗೂ ಬೀಜ ಹಾಕಲ್ಲ. ನೀರು ಬರ್ಲಿ, ನಿಲ್ಲಲಿ. ಗೇಟು ಮೆಲ್ಲಗೆ ಮುಚ್ಚಲಿ."

ನೆರೆಹೊಲದ ಮ್ಫನಾವೆಂಡ್ಲೆಲಾ ಬಾಯಿ ಬಿಟ್ಟ. "ಏನಯ್ಯಾ ಬೆಖಿಫಾ, ಮಾಗುಮೆಡೆ ನಿನ್ನ ಗಂಜಿಗೆ ಏನು ಬೆರೆಸಿದ್ಲು?"

"ಬೆರೆಸಿದ್ದು ಬಟ್ಟಲು ನೀರಿಗೆ, ಗಂಜಿಗಲ್ಲ. ನಿಂಗೂ ತೋರಿಸ್ತೀನಿ ಬಾ, ಆಮೇಲೆ ನಗು."

ಎಲ್ಲರೂ ನಕ್ಕರು, ಆದರೆ ಅದು ಬೇರೆ ನಗು. ಮಾತು ನಡೆಯಿತು. ಗೇಟನ್ನು ದಿನಕ್ಕಿಷ್ಟು ಎಂದು ಇಳಿಸಬಹುದು, ಆಗ ನೀರು ಹಿಂದೆ ಸರಿದ ಹಾಗೆ ಹೊಲದ ಹಸಿ ಮಣ್ಣು ಒಂದೊಂದೇ ಪಟ್ಟೆ ತೆರೆದುಕೊಳ್ಳುತ್ತದೆ ಎಂದು ಲೌರೆನ್ಸ್ ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದ. ತಮ್ಮ ಅಪ್ಪಂದಿರು ಬಿತ್ತುತ್ತಿದ್ದದ್ದೇ ಹಾಗೆ, ನೀರಿನ ಬೆನ್ನ ಹಿಂದೆ, ಎಂದು ಒಬ್ಬ ಮುದುಕ ನೆನಪಿಸಿದ. ಎಲ್ಲರೂ ಒಪ್ಪಲಿಲ್ಲ. ಹತ್ತಿ ಬೆಳೆದವರು ಗೊಣಗುತ್ತಲೇ ಎದ್ದು ಹೋದರು. ಆದರೆ ಹೆಚ್ಚಿನವರು ಅಣ್ಣನ ಮುಖ ನೋಡಿ ತಲೆಯಾಡಿಸಿದರು.

ಆ ವರ್ಷದ ನೀರನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೊದಲ ಮಳೆ ಬಿದ್ದು ನೆಲ ಇನ್ನೂ ಬೆಚ್ಚಗಿತ್ತು. ಹೊಳೆ ಕೆಂಪಾಗಿ ಏರಿತು. ತೋಡು ತುಂಬಿತು, ಕೆರೆ ತುಂಬಿತು, ಹುಲ್ಲು ದಾಟಿ ನೀರು ಅಣ್ಣನ ಹೊಲದ ಕೂಳೆಯೊಳಕ್ಕೆ ನುಗ್ಗಿತು. ಒಂದು ಮುಂಜಾನೆ ಅಣ್ಣ, "ಮಾಗುಮೆಡೆ, ಇವತ್ತು ನೀನು ನಡಿ, ನಾನು ನಿನ್ನ ಹಿಂದೆ ಬರ್ತೀನಿ," ಎಂದ. ನಮ್ಮಲ್ಲಿ ಹೆಂಡತಿ ಮುಂದೆ, ಗಂಡ ಹಿಂದೆ ನಡೆಯುವುದು ಕಾಣಸಿಗದ ಮಾತು. ಮೊಸಳೆಗೆಂದು ಕೈಯಲ್ಲೊಂದು ಉದ್ದ ಕೋಲು ಹಿಡಿದು ಅವನು ನಿಜವಾಗಿಯೂ ಅವಳ ಹಿಂದೆಯೇ ಬಂದ.

ಮಂಜು ನೀರಿಗೆ ತಾಗಿಕೊಂಡಿತ್ತು. ಹೊಲದ ಅಂಚಿಗೆ ಬರುವ ಮೊದಲೇ ಸದ್ದು ಕೇಳಿಸಿತು. ನೂರಾರು ಹೆಂಗಸರು ಒಟ್ಟಿಗೆ ಬಟ್ಟೆ ಒಗೆಯುತ್ತಿದ್ದ ಹಾಗೆ. ಹತ್ತಿರ ಹೋದರೆ ಹೊಲವೇ ಕುದಿಯುತ್ತಿತ್ತು. ಕೂಳೆಯ ಪ್ರತಿ ಸಾಲಿನಲ್ಲೂ ಮೀನು. ಮೀಸೆಮೀನುಗಳು ಜೋಡಿಯಾಗಿ ಒಂದಕ್ಕೊಂದು ಬಿಲ್ಲಿನಂತೆ ಬಾಗಿ, ಬಿಡಿಸಿಕೊಂಡು, ಬಾಲದಿಂದ ನೀರು ಬಡಿದು ಮೊಟ್ಟೆ ಚೆದುರಿಸುತ್ತಿದ್ದವು. ಆಳವಿದ್ದ ಕಡೆ ಕೆಂಪು ಮೂಗಿನ ಮೀನುಗಳ ಹಿಂಡು ಬೆಳ್ಳಿಯ ಸುರುಳಿಯಂತೆ ತಿರುಗಿ ತಿರುಗಿ ಹಾಯುತ್ತಿತ್ತು. ನಾವು ನೀರಿಗಿಳಿದೆವು. ಅವು ನಮ್ಮನ್ನು ಲೆಕ್ಕಕ್ಕೇ ಇಡಲಿಲ್ಲ. ಮರದ ಬೊಡ್ಡೆಗಳೆಂದುಕೊಂಡು ಕಾಲಿಗೆ ಉಜ್ಜಿಕೊಂಡು, ಕಣಕಾಲುಗಳ ನಡುವೆ ನುಸುಳಿಕೊಂಡು ಹೋದವು. ಒಂದು ನನ್ನ ಮೊಣಕಾಲಿಗೆ ಬಡಿದ ಹೊಡೆತಕ್ಕೆ ನಾನು ಕೂತೇಬಿಟ್ಟೆ.

ಇವೆಲ್ಲ ಎಲ್ಲಿದ್ದವು? ಇಷ್ಟು ವರ್ಷ ಬುಟ್ಟಿಗೆ ಕೆಸರು ಬಿಟ್ಟು ಬೇರೇನೂ ಬಾರದ ಹೊಳೆಯಲ್ಲಿ, ಯಾವ ಮಡುವಿನ ಆಳದಲ್ಲಿ, ಯಾವುದನ್ನು ನಂಬಿ ಕಾದಿದ್ದವು? ಅಷ್ಟು ಮೇಲೆ ಯಾರೋ ಒಂದು ಗೇಟು ಎತ್ತಿದ್ದು ಇವಕ್ಕೆ ಹೇಗೆ ಗೊತ್ತಾಯಿತು?

ಅಣ್ಣ ತಲೆಯ ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದಿದ್ದ. ಚರ್ಚಿನಲ್ಲೂ ಅವನು ಹಾಗೆ ನಿಂತದ್ದನ್ನು ನಾನು ಕಂಡಿಲ್ಲ.

"ಮಾಥೆಂಜ್ವಾ," ಎಂದಳು ಅತ್ತಿಗೆ, "ಕಳೆ ಕೀಳಕ್ಕೆ ಬಂದವೆ."

ಅವನು ನಗಲು ಹೋದ. ನಗು ಬರಲಿಲ್ಲ. "ಹೂಂ ಕಣೆ. ಕಿತ್ಕೊಳ್ಳಲಿ. ಎಲ್ಲಾ ಕಿತ್ಕೊಳ್ಳಲಿ," ಎಂದ.

ನೀರು ಈ ಸಲ ನಿಂತಿತು. ಇಳಿಯುವಾಗಲೂ ಮರ್ಯಾದಸ್ಥ ನೆಂಟನಂತೆ, ಹೊಸಿಲಲ್ಲಿ ನಿಂತು ಮಾತಾಡಿಕೊಂಡು ಹೊರಟಿತು. ಮರಿಗಳು ಬೆರಳಿನ ಉಗುರಿನಷ್ಟಾದ ಮೇಲೆ, ಇಳಿಯುವ ನೀರಿನ ಜತೆ ಹೊಲ ಬಿಟ್ಟು ಕೆರೆಗೆ, ಕೆರೆಯಿಂದ ತೋಡಿನ ದಾರಿ ಹಿಡಿದು ಹೊಳೆಗೆ ಸಾಗಿದವು. ತೋಡಿನ ದಡದಲ್ಲಿ ಕೂತು ನೋಡಿದರೆ ನೀರಿನೊಳಗೆ ಕಪ್ಪು ಹೊಗೆ ಹರಿದ ಹಾಗೆ ಕಾಣುತ್ತಿತ್ತು. ಕೊಕ್ಕರೆ, ಮೀನುಹದ್ದು ಎಲ್ಲ ತಿಂದು ತಿಂದು ಸೋತವು. ಹೊಗೆ ಮುಗಿಯಲಿಲ್ಲ. ಅಣ್ಣ ನೀರಿನ ಬೆನ್ನ ಹಿಂದೆಯೇ ಹಸಿ ಮಣ್ಣಿಗೆ ಜೋಳ ಊರಿದ. ಬೆಳೆ ತಡವಾಗಿ ಬಂದರೂ ಕಳಪೆಯೇನೂ ಆಗಲಿಲ್ಲ. ಮುಂದಿನ ಒಂದೆರಡು ಚಳಿಗಾಲಗಳಲ್ಲಿ ಫೋನ್ಯಾಕ್ಕೆ ಇಳಿದ ಹೆಂಗಸರ ಬುಟ್ಟಿಗಳು ಕುಲುಕಿದವು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಅದಕ್ಕೆಂದೇ ತವರಿಗೆ ಬಂದರು.

ಅತ್ತಿಗೆಯನ್ನು ಸಮಿತಿಗೆ ಸೇರಿಸಿಕೊಂಡರು. ಅವಳು ಮುದುಕಿಯಾಗುವವರೆಗೂ ಅಲ್ಲಿ ಕೂತು ವಾದ ಮಾಡಿದಳು, ಕೆಲವು ಸಲ ಗೆದ್ದಳು, ಕೆಲವು ಸಲ ಸೋತಳು. ಬರ ಬಂದ ವರ್ಷಗಳಲ್ಲಿ ಅಣೆಕಟ್ಟಿನಲ್ಲೇ ನೀರಿರಲಿಲ್ಲ. ಇನ್ನೊಮ್ಮೆ ಕೆಳಗಿನ ಊರುಗಳೊಡನೆ ಜಗಳ ಹತ್ತಿ ನೀರು ಚಳಿಗಾಲದ ನಡುವೆ ಬಂತು. ಮೀನು ತಿರುಗಿಯೂ ನೋಡಲಿಲ್ಲ. ಅಂಥ ವರ್ಷ ಅವಳು ಯಾರನ್ನೂ ಬೈಯುತ್ತಿರಲಿಲ್ಲ. ತಲೆಗೆ ವಸ್ತ್ರ ಬಿಗಿದು ಮುಂದಿನ ಸಭೆಗೆ ಹೋಗುತ್ತಿದ್ದಳು. ಅಣ್ಣ ಹೋದ ಎರಡು ಮಳೆಗಾಲಗಳ ಮೇಲೆ ಅವಳೂ ಹೋದಳು. ಸದ್ದಿಲ್ಲದೆ, ಚಾಪೆಯ ಮೇಲೆ ಮಲಗಿದ್ದಲ್ಲೇ.

ಈಗ ಅವಳ ಮಗಳು ಸಮಿತಿಯಲ್ಲಿದ್ದಾಳೆ. ಕಳೆದ ವರ್ಷ ಹತ್ತಿಯವರೂ ಮೀನಿನವರೂ ದಿನವಿಡೀ ಕಿತ್ತಾಡಿ, ಒಪ್ಪಂದವಾಗದೆ, ನೀರು ತಡವಾಗಿ ಬಂತು. ನನಗೆ ಕಣ್ಣು ಮಂಜು, ಕಾಲು ಆಗುವುದಿಲ್ಲ. ಅತ್ತಿಗೆಯ ಆ ಮಗಳೇ ಬೆನ್ನಿಗೆ ಆಸರೆ ಕೊಟ್ಟು ಕೆರೆಯ ಅಂಚಿನವರೆಗೆ ಕರೆದುಕೊಂಡು ಹೋದಳು. "ಏನಾದ್ರೂ ಬಂದವೇನೆ?" ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದು ನೀರಿಗೆ ಅದ್ದಿದಳು. ಮೊದಲು ಬರಿಯ ಹುಲ್ಲು ಸಿಕ್ಕಿತು. ಆಮೇಲೆ ಅಂಗೈಯ ಕೆಳಗೆ ತಣ್ಣಗಿನ, ನುಣ್ಣಗಿನ, ಬಲವಾದ ಏನೋ ಒಂದು ಒತ್ತಿಕೊಂಡು ಮುಂದೆ ಹೋಯಿತು.